ಬಸ್ಸಿನ ಹಿಂದೆ ಗ್ಯಾಸಿನ ಗಾಡಿ

ಎರಡು ಇಂಧನದ ಗಾಡಿ ಅಂದರೆ ಈಗಿನವರಿಗೆ ಬ್ಯಾಟರಿಯೂ ಪೆಟ್ರೋಲೂ ಕೂಡಿ ಓಡುವ ಹೈಬ್ರಿಡ್ ಕಾರು ನೆನಪಾಗುತ್ತದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಪೇಪರು ಹಿಡಿದುಕೊಂಡು ಬಂದು, "ಸಾರ್, ಇಂಥದ್ದು ತಗೊಳ್ಳಬಹುದಾ? ಸೇಫ್ ಇರ್ತದಾ?" ಎಂದು ಕೇಳಿದರೆ ನನಗೆ ಒಳಗೊಳಗೇ ಉರಿಯುತ್ತದೆ. ವಿಜ್ಞಾನದ ಮಾಸ್ತರ ಅಂದಮೇಲೆ ಕೇಳುವುದು ಸಹಜ, ಅವರ ತಪ್ಪೇನಿಲ್ಲ. ಆದರೆ ಎರಡು ಇಂಧನದ ಗಾಡಿಯೊಂದನ್ನು ನಾನು ಇವರಿಗಿಂತ ಎಷ್ಟೋ ಮೊದಲೇ ಸಾಕಿ, ಅದು ಅಪಾಯದ್ದಲ್ಲ ಎಂದು ಊರಿಗೆಲ್ಲ ಪಾಠ ಹೇಳಿ ಬಾಯಿ ಒಣಗಿಸಿಕೊಂಡವನು. ನನ್ನದು ಪೆಟ್ರೋಲು ಮತ್ತು ಗ್ಯಾಸಿನ ಗಾಡಿ. ಹಳೇ ಬಿಳಿ ವ್ಯಾನು. ಸ್ಟೇರಿಂಗಿನ ಪಕ್ಕದಲ್ಲಿ ಒಂದು ಸಣ್ಣ ಸ್ವಿಚ್ಚು. ಈ ಕಡೆ ಒತ್ತಿದರೆ ಪೆಟ್ರೋಲು, ಆ ಕಡೆ ಒತ್ತಿದರೆ ಗ್ಯಾಸು.

ಯಾಕೆ ತಗೊಂಡೆ ಎಂದು ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಹೇಳುತ್ತಿದ್ದೆ. ಪೆಟ್ರೋಲು ತುಟ್ಟಿ, ಗ್ಯಾಸು ಅಗ್ಗ, ಹೊಗೆ ಕಡಿಮೆ, ಇಂಜಿನ್ನಿಗೂ ಒಳ್ಳೆಯದು. ಹೆಡ್‌ಮಾಸ್ತರರಿಗೂ ಅದನ್ನೇ ಹೇಳಿದೆ, ಕೆಳಗಿನ ಮನೆಯ ಟೇಲರನಿಗೂ ಅದನ್ನೇ ಹೇಳಿದೆ. ಸುಳ್ಳೇನೂ ಅಲ್ಲ. ಆದರೆ ನಾನು ಗಾಡಿ ತಗೊಂಡದ್ದು ನನ್ನ ಹೆಂಡತಿಯ ಹತ್ತಿರ ಹೋಗುವುದಕ್ಕೆ. ಅದನ್ನು ಯಾರಿಗೂ ಹೇಳಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾದ ಗಂಡಸು ಇದನ್ನು ಬಾಯಿಬಿಟ್ಟು ಹೇಳಿದರೆ ನಮ್ಮ ಕಡೆ ನಗುತ್ತಾರೆ.

ನಾನು ಸಿದ್ದಾಪುರದ ಹೈಸ್ಕೂಲಿನಲ್ಲಿ ಮಾಸ್ತರ, ಅವಳು ಯಲ್ಲಾಪುರದಲ್ಲಿ ನರ್ಸು. ನಡುವೆ ಶಿರಸಿ. ನನ್ನದು ಅನುದಾನಿತ ಶಾಲೆ, ಸೇರಿದಲ್ಲೇ ನಿವೃತ್ತಿ, ವರ್ಗ ಅನ್ನುವುದೇ ಇಲ್ಲ. ಅವಳದು ಸರ್ಕಾರಿ ಕೆಲಸ. ಹಾಗಾಗಿ ಬರಬೇಕಾದವಳು ಅವಳೇ ಎಂದು ಮದುವೆಯ ಮಾತುಕತೆಯಲ್ಲೇ ಎರಡೂ ಮನೆಯವರು ತೀರ್ಮಾನ ಮಾಡಿಬಿಟ್ಟಿದ್ದರು. ವರ್ಗ ಆಗಲಿ, ಆಮೇಲೆ ಸಂಸಾರ ಹೂಡಿದರಾಯಿತು. ತೊಂಬತ್ತರ ದಶಕ ಪೂರ್ತಿ ನಾವು ಆ ವರ್ಗದ ದಾರಿ ಕಾಯುತ್ತ ಕಳೆದೆವು. ಮಕ್ಕಳಾಗಲಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನು ಬಸ್ಸು ಹತ್ತಬೇಕು, ಶಿರಸಿಯಲ್ಲಿ ಇಳಿದು ಇನ್ನೊಂದು ಬಸ್ಸು ಕಾಯಬೇಕು, ಮಂಚೀಕೇರಿ ದಾಟಿ ಯಲ್ಲಾಪುರ ಮುಟ್ಟುವಷ್ಟರಲ್ಲಿ ಸಂಜೆಯಾಗಿ, ಅವಳು ಡ್ಯೂಟಿಗೆ ಹೊರಟಿರುತ್ತಿದ್ದಳು. ಭಾನುವಾರ ಮಧ್ಯಾಹ್ನ ನಾನು ವಾಪಸು ಬಸ್ಸು ಹಿಡಿಯಬೇಕು.

ಸಿದ್ದಾಪುರದಲ್ಲಿ ನಾನಿದ್ದದ್ದು ಬಸ್‌ಸ್ಟ್ಯಾಂಡಿನ ಹಿಂದೆ, ಟೇಲರ ಅಂಗಡಿಯ ಮಹಡಿಯ ಮೇಲೆ. ಒಬ್ಬನಿಗೆ ಅನ್ನ ಮಾಡುವುದು ಎಷ್ಟು ತ್ರಾಸು ಎಂದು ಒಬ್ಬನೇ ಇದ್ದವನಿಗೇ ಗೊತ್ತು. ಎಷ್ಟು ಕಡಿಮೆ ಹಾಕಿದರೂ ಮಿಗುತ್ತದೆ, ಮಿಕ್ಕಿದ್ದನ್ನು ಬೆಳಗ್ಗೆ ಚಿತ್ರಾನ್ನ ಮಾಡಿಕೊಂಡು ತಿನ್ನಬೇಕು. ಶಾಲೆಯಲ್ಲಿ ದಿನವಿಡೀ ಮಾತಾಡಿ ಬಂದರೂ ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ. ರೇಡಿಯೋದ ಜೊತೆ ಮಾತಾಡುತ್ತಿದ್ದೆ. ಹವಾಮಾನದ ಬಗ್ಗೆಯೋ ಉಪಗ್ರಹದ ಬಗ್ಗೆಯೋ ಅವರು ಏನಾದರೂ ತಪ್ಪು ಹೇಳಿದರೆ ಅಲ್ಲಲ್ಲೇ ತಿದ್ದುತ್ತಿದ್ದೆ. ತಿದ್ದಿದ್ದನ್ನು ಕೇಳುವವರು ಯಾರೂ ಇರಲಿಲ್ಲ. ನನಗೆ ಆಗ ಬಹಳ ಒಂಟಿ ಅನ್ನಿಸುತ್ತಿತ್ತು.

ಗಾಡಿ ಇದ್ದರೆ ವಾರದ ನಡುವೆಯೂ ಹೋಗಿಬರಬಹುದು ಎಂಬ ಯೋಚನೆ ಬಂದದ್ದು ಹಾಗೆ. ಪೆಟ್ರೋಲಿಗೆ ನನ್ನ ಸಂಬಳ ಸಾಲದು. ಆಗ ತಾನೇ ಹುಬ್ಬಳ್ಳಿಯಲ್ಲಿ ಕಾರಿಗೆ ಗ್ಯಾಸ್ ಕಿಟ್ ಕೂರಿಸಿಕೊಡುವವರು ಬಂದಿದ್ದರು. ಸರ್ಕಾರದ ಒಪ್ಪಿಗೆಯ ಕಿಟ್ಟು, ಹಿಂದಿನ ಸೀಟಿನ ಬೆನ್ನಿಗೆ ಬೋಲ್ಟು ಹಾಕಿ ಕೂರಿಸಿದ ದಪ್ಪ ಕಬ್ಬಿಣದ ಟ್ಯಾಂಕು, ಆರ್‌ಸಿ ಪುಸ್ತಕದಲ್ಲಿ ಸಿಕ್ಕೆ ಒತ್ತಿದ ದಾಖಲೆ. ಅಡುಗೆಮನೆಯ ಸಿಲಿಂಡರನ್ನು ಕದ್ದು ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಿಸುವವರ ಪೈಕಿ ಅಲ್ಲ ನಾನು. ಗ್ಯಾಸು ತುಂಬಿಸಲಿಕ್ಕೆ ಹುಬ್ಬಳ್ಳಿಗೇ ಹೋಗಬೇಕಿತ್ತು, ಯಲ್ಲಾಪುರದಿಂದ ಹುಬ್ಬಳ್ಳಿಗೆ ನೇರ ರಸ್ತೆ. ಅವಳಿಗೆ ಭಾನುವಾರ ಡ್ಯೂಟಿ ಬಿದ್ದಾಗ ನಾನು ಹೋಗಿ ತುಂಬಿಸಿಕೊಂಡು ಬಂದರಾಯಿತು ಎಂದು ಲೆಕ್ಕ ಹಾಕಿದೆ. ಎಲ್ಲ ಲೆಕ್ಕವೂ ಸರಿಯಾಗಿತ್ತು.

ಗಾಡಿ ತಂದ ದಿನ ಅವಳು ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತು ನೋಡಿದಳು. ನಾನು ಮುಂದಿನ ಬಾಗಿಲು ತೆಗೆದು ಹಿಡಿದೆ. ಅವಳು ಹಿಂದಕ್ಕೆ ಹೋಗಿ, ಗಾಜಿಗೆ ಕೈ ಅಡ್ಡ ಹಿಡಿದು ಒಳಗೆ ಬಗ್ಗಿ ನೋಡಿದಳು.

"ಇದೆಂತದು?"

"ಗ್ಯಾಸಿನ ಟ್ಯಾಂಕು."

"ಎಂಗೆ ಇದ್ರಲ್ಲಿ ಕೂರಲೆ ಆಗ್ತಿಲ್ಲೆ," ಎಂದಳು. ತನಗೆ ಆಗದು, ಅಷ್ಟೇ; ಸಿಟ್ಟಿಲ್ಲ, ಏನಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದಳು.

ಸುಟ್ಟು ಬಂದವರನ್ನು ದಿನಾ ನೋಡುವ ಕೆಲಸ ಅವಳದು. ಸ್ಟೋವಿನವರು, ಗ್ಯಾಸಿನವರು. ಅವರ ಗಾಯ ತೊಳೆಯುವಾಗ ಅವರು ಕೂಗುವುದು ಹೇಗಿರುತ್ತದೆ ಎಂದು ಒಮ್ಮೆ ಹೇಳಿದ್ದಳು, ಆಮೇಲೆ ಹೇಳಲಿಲ್ಲ. ನಾನು ಇದನ್ನೆಲ್ಲ ತಿಳಿದೂ ಪಾಠ ಶುರುಮಾಡಿದೆ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿಯುತ್ತದೆ. ವಾಸನೆ ಬೇಕೆಂದೇ ಸೇರಿಸಿರುತ್ತಾರೆ, ಮೂಗಿಗೆ ಮೊದಲೇ ಗೊತ್ತಾಗುತ್ತದೆ. ಟ್ಯಾಂಕಿನ ದಪ್ಪ ಇಷ್ಟು, ಒತ್ತಡ ಹೆಚ್ಚಾದರೆ ತಾನೇ ತೆರೆದುಕೊಳ್ಳುವ ವಾಲ್ವು ಇಲ್ಲಿ. ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದು, ಬಾಣದ ಗುರುತು ಹಾಕಿ, ಕೆಳಗೆ ಹೆಸರು ಬರೆದು ತೋರಿಸಿದೆ. ಹತ್ತನೇ ಇಯತ್ತೆಯ ಮಕ್ಕಳಿಗೆ ನಾನು ಅಷ್ಟು ಚಂದ ಹೇಳಿಕೊಟ್ಟದ್ದಿಲ್ಲ.

ಅವಳು ಪೂರ್ತಿ ಕೇಳಿ, "ನೀವು ಹೇಳೋದೆಲ್ಲ ಸರಿ ಇದ್ದು. ಬೆಂಕಿಗೆ ನಿಮ್ಮ ಪಾಠ ಆಗಿರ್ತಿಲ್ಲೆ ಅಲ್ದಾ?" ಎಂದಳು. ಅದಕ್ಕೂ ನಾನು ಏನೋ ಒಂದು ಹೇಳಿದೆ.

ಅವಳ ಮಾತು ಹಾಗಿರಲಿ, ಊರಿನವರದೇ ಒಂದು ಕಥೆ. ನಮ್ಮ ಕಡೆ ಒಬ್ಬರ ಗಾಡಿ ಅಂದರೆ ಕೇರಿಯ ಗಾಡಿ. ಶಿರಸಿ ದಿಕ್ಕಿಗೆ ಮೂತಿ ಮಾಡಿ ನಿಲ್ಲಿಸಿದರೆ ಸಾಕು, "ಮಾಸ್ತರ್ರೇ, ಶಿರಸಿಗಾ?" ಎಂದು ಯಾರಾದರೂ ಚೀಲ ಹಿಡಿದುಕೊಂಡು ಬಂದೇ ಬರುತ್ತಾರೆ. ನನ್ನ ಗಾಡಿಗೂ ಬರುತ್ತಿದ್ದರು. ಬಾಗಿಲಿಗೆ ಕೈ ಹಾಕಿದವರು ಹಿಂದೆ ಟ್ಯಾಂಕು ಕಂಡದ್ದೇ, "ಅರೆ, ಮರೆತೇ ಹೋಗಿತ್ತು, ಇವತ್ತು ಮನೆಗೆ ನೆಂಟರು ಬರ್ತಾರೆ," ಎಂದು ಹಿಂದೆ ಸರಿಯುತ್ತಿದ್ದರು. ಸಿದ್ದಾಪುರದಲ್ಲಿ ಅಷ್ಟೊಂದು ನೆಂಟರು ಆ ವರ್ಷ ಬಂದರೋ ಇಲ್ಲವೋ ನಾನರಿಯೆ. ಹೆಡ್‌ಮಾಸ್ತರರು ಬಹಳ ಮರ್ಯಾದೆಯಿಂದ, "ಮಕ್ಕಳು ಆಡ್ತಾ ಇರ್ತಾರಲ್ಲ, ಗಾಡಿ ಆ ಹುಣಸೆಮರದ ಹತ್ತಿರ ನಿಲ್ಸಿ," ಎಂದರು. ಹುಣಸೆಮರ ಮೈದಾನದ ಆಚೆ ತುದಿ. ಶಿರಸಿಯಲ್ಲಿ ನಾನು ಚಾ ಕುಡಿಯುವ ಹೋಟೆಲಿನವನು ಬೀಡಿ ಸೇದುವ ಗಿರಾಕಿಗಳನ್ನು ತೋರಿಸಿ, ಅತ್ಲಾಗೆ ನಿಲ್ಸಿ ಎಂದು ಕೈ ಮಾಡಿದ. ಎಲ್ಲಿ ಹೋದರೂ ನನ್ನ ಗಾಡಿ ಬೇರೆ ಗಾಡಿಗಳಿಂದ ದೂರ, ಒಂದೇ ನಿಂತಿರುತ್ತಿತ್ತು. ಅಲ್ಲಿಂದ ನಡೆದುಕೊಂಡು ಬರುವಾಗ ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಗಾಡಿ ಬಂದಮೇಲೂ ನಾನು ಯಲ್ಲಾಪುರಕ್ಕೆ ಹೋಗುತ್ತಿದ್ದೆ, ಅವಳು ಸಿದ್ದಾಪುರಕ್ಕೋ ಸೋಂದಾ ಕ್ರಾಸಿನ ಹತ್ತಿರದ ತವರುಮನೆಗೋ ಹೊರಟರೆ ಬಸ್ಸಿಗೇ ಬರುತ್ತಿದ್ದಳು. ಹೀಗೆ ನಮ್ಮಲ್ಲಿ ಒಂದು ಪದ್ಧತಿ ಬಿತ್ತು. ಅವಳ ಬ್ಯಾಗು, ತವರಿಗೆ ಒಯ್ಯುವ ಸಾಮಾನು, ಕೊಡೆ, ಎಲ್ಲ ನನ್ನ ಗಾಡಿಯಲ್ಲಿ. ಅವಳು ಮಾತ್ರ ಬಸ್ಸಿನಲ್ಲಿ. ಸಾಮಾನು ಸುಟ್ಟರೆ ಅಡ್ಡಿಲ್ಲೆಯಾ ಎಂದು ಕೇಳಿದೆ ಒಂದು ದಿನ. "ಸಾಮಾನು ಬೇರೆ ತಗಳಕ್ಕು," ಎಂದಳು. ಗಾಡಿ ಓಡಿಸುವವನ ಸುದ್ದಿ ಬರಲೇ ಇಲ್ಲ. ತಮಾಷೆಗೆ ಹೇಳಿದಳು ಎಂದು ಆಗ ನಕ್ಕುಬಿಟ್ಟೆ.

ಮೊದಮೊದಲು ನಾನು ಮುಂದೆ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಆಮೇಲೆ ಬಸ್ಸಿನ ಹಿಂದೆಯೇ ಹೋಗಲು ಶುರುಮಾಡಿದೆ. ಒಟ್ಟಿಗೆ ಹೋದ ಹಾಗಾದರೂ ಆಗಲಿ ಎಂಬ ಆಸೆ. ಬಸ್ಸು ನಿಂತಲ್ಲಿ ನಾನೂ ನಿಲ್ಲುತ್ತಿದ್ದೆ, ಹೊರಟರೆ ಹೊರಡುತ್ತಿದ್ದೆ, ಅದರ ಹೊಗೆ ಪೂರ್ತಿ ನನ್ನ ಮುಖಕ್ಕೆ. ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂರುವವಳು, ಹಿಂದಿನ ಗಾಜಿನಲ್ಲಿ ನನಗೆ ಕಾಣುವುದು ಯಾರ್ಯಾರದೋ ತಲೆ. ಹಾವೇರಿ ಕಡೆಯ ಕಂಡಕ್ಟರೊಬ್ಬ ಇದ್ದ. ಮಂಚೀಕೇರಿಯಲ್ಲಿ ಬಸ್ಸು ನಿಂತಾಗ ದೊಡ್ಡ ದನಿಯಲ್ಲಿ, "ಅಕ್ಕಾರ, ನಿಮ್ಮ ಯಜಮಾನ್ರು ಹಿಂದ ಬರಾಕತ್ತಾರ ನೋಡ್ರಿ. ಟಿಕೆಟ್ ಅವರಿಗೂ ಹರೀಲೇನು?" ಎನ್ನುತ್ತಿದ್ದ. ಬಸ್ಸಿಗೆ ಬಸ್ಸೇ ತಿರುಗಿ ನನ್ನನ್ನು ನೋಡುತ್ತಿತ್ತು. ಅವಳು ತಿರುಗಿದಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ನನ್ನ ಗಾಡಿಯಲ್ಲಿ ಹೆದರದೆ ಕೂತವರು ಒಬ್ಬರೇ, ನನ್ನ ಅತ್ತೆ, ಅವಳ ತಾಯಿ. ಬಸ್ಸಿನ ಮೆಟ್ಟಿಲು ಹತ್ತಲು ಮಂಡಿನೋವು ಅವರಿಗೆ. ಮಗಳ ಮನೆಯಲ್ಲಿ ಸ್ವಲ್ಪ ದಿನ ಇದ್ದು ವಾಪಸು ಹೊರಟಾಗ, ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಆರಾಮಾಗಿ ಕೂತರು. ಮಗಳು ಎಂದಿನಂತೆ ಬಸ್ಸಿಗೆ ಹೋದಳು. ಅವತ್ತು ಬಸ್ಸು ತಡವಾದ್ದರಿಂದ ನಾವೇ ಮುಂದೆ ಹೊರಟೆವು. ಬೇಡ್ತಿ ಸೇತುವೆ ದಾಟುವ ಮೊದಲು ಅತ್ತೆಗೆ ಇಳಿಯಬೇಕಾಯಿತು. ನಿಲ್ಲಿಸಿದೆ. ಅವರು ಇಳಿದು ಹೋಗಿ ಬಂದು ಕೂತರು. ಹೊರಟು ಏರಿಗೆ ಬಂದಿದ್ದೇ ತಡ, ಗಾಡಿ ಉಸಿರು ಕಟ್ಟಿದ ಹಾಗೆ ಮಾಡಿ ನಿಂತುಬಿಟ್ಟಿತು. ಪೆಟ್ರೋಲಿಗೆ ಹಾಕಿ ನೋಡಿದೆ. ತಿಂಗಳುಗಟ್ಟಲೆ ಪೆಟ್ರೋಲಿನ ಸುದ್ದಿಗೇ ಹೋಗದ ಇಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಇಂಜಿನ್ನು ಈ ಗಾಡಿಯಲ್ಲಿ ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿ, ಕೈ ಮಸಿ ಮಾಡಿಕೊಂಡು, ಯಾವುದು ಕೆಟ್ಟಿರಬಹುದು ಎಂದು ಅತ್ತೆಗೆ ಒಂದೊಂದಾಗಿ ವಿವರಿಸತೊಡಗಿದೆ. ಅವರು ಪಾಪ, ಹೂಂ ಹೂಂ ಎನ್ನುತ್ತಿದ್ದರು.

ಅಷ್ಟರಲ್ಲಿ ಬಸ್ಸು ಬಂತು. ನಮ್ಮನ್ನು ಕಂಡು ನಿಂತಿತು. ಕಿಟಕಿಯಲ್ಲಿ ಅವಳ ಮುಖ. ನಾನು ಬಾಯಿ ತೆಗೆಯುವ ಮೊದಲೇ ಅವಳು ಇಳಿದು ಬಂದು, ತಾಯಿಯ ಕೈ ಹಿಡಿದು, ಕಂಡಕ್ಟರನ ಸಹಾಯದಿಂದ ಬಸ್ಸಿಗೆ ಹತ್ತಿಸಿದಳು. "ಕೂಸೇ, ಗಂಡನ್ನ ಬಿಟ್ಟಿಕ್ಕಿ ಹೋಪದಾ?" ಎಂದು ಅತ್ತೆ ಮೆಟ್ಟಿಲ ಮೇಲಿಂದ ಕೇಳಿದ್ದು ನನಗೆ ಕೇಳಿಸಿತು. ಅವಳು ತಾಯಿಯ ಹಿಂದೆ ತಾನೂ ಹತ್ತಿದಳು. "ರೈಟ್," ಎಂದ ಕಂಡಕ್ಟರು. ಬಸ್ಸು ಹೋಯಿತು. ರಸ್ತೆಯ ಬದಿಯಲ್ಲಿ ನಾನು, ಎತ್ತಿಟ್ಟ ಸೀಟು, ಅವರಿಬ್ಬರ ಚೀಲಗಳು.

ಎಷ್ಟೋ ಹೊತ್ತಿನ ಮೇಲೆ ಹಿಂದೆ ಹೋಗಿ ಟ್ಯಾಂಕು ನೋಡಿದೆ. ಗ್ಯಾಸು ಹೊರಗೆ ಬಿಡುವ ವಾಲ್ವನ್ನು ಯಾರೋ ಬಿಗಿಯಾಗಿ ತಿರುಗಿಸಿ ಮುಚ್ಚಿಟ್ಟಿದ್ದರು. ಅತ್ತೆಯ ಕೆಲಸ. ಅಡುಗೆಮನೆಯಿಂದ ಹೊರಗೆ ಕಾಲಿಡುವ ಮೊದಲು ಸಿಲಿಂಡರು ಬಂದ್ ಮಾಡಬೇಕು ಎಂದು ಸೊಸೆಗೂ ಮಗಳಿಗೂ ಹೇಳಿ ಹೇಳಿ ಕೈಗೇ ರೂಢಿಯಾದವರು. ಇಳಿಯುವ ಮೊದಲು ಬಂದ್ ಮಾಡಿದ್ದಾರೆ, ಹತ್ತಿದ ಮೇಲೆ ಬಿಡಲು ಮರೆತಿದ್ದಾರೆ. ಪೈಪಿನಲ್ಲಿ ಉಳಿದಿದ್ದ ಗ್ಯಾಸು ಏರಿನವರೆಗೆ ಎಳೆದುಕೊಂಡು ಬಂದಿತ್ತು. ತಿರುಗಿಸಿದೆ, ಗಾಡಿ ಚಾಲು ಆಯಿತು. ಒಬ್ಬನೇ ನಕ್ಕೆ. ಹೇಳಲು ಒಳ್ಳೆಯ ಕಥೆ ಸಿಕ್ಕಿತು ಎಂದುಕೊಂಡು ಗಾಡಿ ಓಡಿಸಿದೆ, ಆದರೆ ಬಸ್ಸಿನಿಂದ ಇಳಿದು ಬಂದವಳು ನನ್ನ ಮುಖವನ್ನೇ ನೋಡಲಿಲ್ಲವಲ್ಲ ಎಂಬುದು ದಾರಿಯುದ್ದಕ್ಕೂ ಚುಚ್ಚುತ್ತಿತ್ತು.

ಆ ವರ್ಷದ ಮಳೆಗಾಲ ಮುಗಿದ ಮೇಲೆ ನಾನು ತೀರ್ಮಾನ ಮಾಡಿದೆ. ಗ್ಯಾಸು ಬೇಡ. ಅಗ್ಗದ ಗಾಡಿಯಲ್ಲಿ ಒಬ್ಬನೇ ಓಡಾಡುವುದಕ್ಕಿಂತ, ತುಟ್ಟಿಯ ಪೆಟ್ರೋಲು ಹಾಕಿ ತಿಂಗಳಿಗೆ ಒಂದೇ ಸಲವಾದರೂ ಅವಳನ್ನು ಕೂರಿಸಿಕೊಂಡು ಹೋಗುವುದು ಮೇಲು. ಹುಬ್ಬಳ್ಳಿಗೆ ಹೋಗಿ ಟ್ಯಾಂಕು ತೆಗೆಸಿದೆ. ಪೈಪು, ಸ್ವಿಚ್ಚು, ಎಲ್ಲ ತೆಗೆಸಿದೆ. ಕಿಟ್ ಕೂರಿಸಿದವನೇ, "ಎಲ್ಲ ಚಲೋ ಐತಲ್ರೀ ಸರ, ಯಾಕ್ ತಗಸ್ತೀರಿ?" ಎಂದು ಬೇಜಾರು ಮಾಡಿಕೊಂಡ. ಟ್ಯಾಂಕು ಇದ್ದ ಜಾಗದಲ್ಲಿ ಬೋಲ್ಟಿನ ತೂತುಗಳು ಮಾತ್ರ ಉಳಿದವು. ವಾಪಸು ಬರುವಾಗ ಕಲಘಟಗಿ ದಾಟಿದ್ದೂ ಗೊತ್ತಾಗಲಿಲ್ಲ, ಅಷ್ಟು ಖುಷಿ ನನಗೆ. ಅವಳಿಗೆ ಹೇಗೆ ತೋರಿಸಬೇಕು, ಏನೇನು ಹೇಳಬೇಕು ಎಂದು ಗಟ್ಟಿಯಾಗಿ ಹೇಳಿಕೊಂಡು ಅಭ್ಯಾಸ ಮಾಡುತ್ತ ಬಂದೆ.

ಅವತ್ತು ಅವಳು ತವರಿಗೆ ಹೊರಡುವವಳಿದ್ದಳು. ಬ್ಯಾಗು ತಯಾರಾಗಿ ಬಾಗಿಲಲ್ಲಿತ್ತು. ನಾನು ಗಾಡಿಯ ಹಿಂಬಾಗಿಲು ಪೂರ್ತಿ ಎತ್ತಿ, "ನೋಡು," ಎಂದೆ. ಅವಳು ನೋಡಿದಳು. ತೂತುಗಳ ಮೇಲೆ ಬೆರಳು ಆಡಿಸಿದಳು.

"ಎಂತಕ್ಕೆ ತೆಗೆಸಿದ್ರಿ?"

"ನಿಂಗೆ ಹೆದರಿಕೆ ಅಂತ. ಇನ್ನು ಬರೀ ಪೆಟ್ರೋಲು. ಇನ್ನೆಂತ, ಬಾ ಕೂತ್ಕೋ."

ಅವಳು ಕೂರಲಿಲ್ಲ. ಬ್ಯಾಗನ್ನೂ ಎತ್ತಿ ಕೊಡಲಿಲ್ಲ. ಜಗಲಿಯ ತುದಿಯಲ್ಲಿ ಕೂತುಬಿಟ್ಟಳು. ನಾನು ಪೆಟ್ರೋಲಿನ ಸುರಕ್ಷತೆಯ ಬಗ್ಗೆ ಏನೋ ಶುರುಮಾಡಿದ್ದೆ. ಅವಳು ಕೈ ಎತ್ತಿ, "ಸ್ವಲ್ಪ ಇರಿ," ಎಂದಳು. ಹಾಗೆ ಅವಳು ನನ್ನನ್ನು ತಡೆದದ್ದು ಅದೇ ಮೊದಲು.

"ಗ್ಯಾಸಿನ ಹೆದ್ರಿಕೆ ಖರೇ ಇತ್ತು. ಆದ್ರೆ ಅದೊಂದೇ ಅಲ್ಲ," ಎಂದಳು. "ಹೋದ ವರ್ಷ ಸಿದ್ದಾಪುರಕ್ಕೆ ಹಾಕ್ತೆ, ಹೋಗ್ತ್ಯಾ ಹೇಳಿ ಕೇಳಿದ್ರು. ಆನೇ ಬೇಡ ಹೇಳ್ದೆ."

ಬಂದ ವರ್ಗವನ್ನು ತಾನೇ ಬೇಡ ಎಂದಿದ್ದಳು. ನಾನು ಎತ್ತಿದ ಹಿಂಬಾಗಿಲನ್ನು ಹಾಗೇ ಹಿಡಿದುಕೊಂಡು ನಿಂತಿದ್ದೆ.

"ಇಲ್ಲಿ ಡ್ಯೂಟಿ ಮುಗಿಸಿ ಬಂದು ಬಾಗಿಲು ಹಾಕ್ಯಂಡ್ರೆ ಎಂಗೆ ಯಾರೂ ಎಂತೂ ಹೇಳ್ತ್ವಿಲ್ಲೆ. ಆಸ್ಪತ್ರೆಯಲ್ಲಿ ಕೂಗಿದ್ದೆಲ್ಲ ಕಿವಿಯಿಂದ ಹೋಗಕಾದ್ರೆ ಸುಮಾರು ಹೊತ್ತು ಬೇಕಾಗ್ತು. ಸುಮ್ಮಂಗೆ ಕೂತ್ರೆ ಹೋಗ್ತು. ನೀವು ಬಂದ ಕೂಡ್ಲೆ ಶುರು ಮಾಡ್ತ್ರಿ. ಆ ಬಲ್ಬು ಎಂತಕ್ಕೆ ಮಿಣುಕ್ತು, ಈ ಹಾಲು ಎಂತಕ್ಕೆ ಒಡೀತು. ನೀವು ಕೆಟ್ಟವರಲ್ಲ. ಅದೇ ತ್ರಾಸು. ಕೆಟ್ಟವರಾಗಿದ್ರೆ ಹೇಳಲೆ ಸುಲಭ ಇತ್ತು."

ಇಷ್ಟು ಮಾತು ಅವಳು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಅವಳ ದನಿ ನಡುಗಲಿಲ್ಲ. ಟ್ಯಾಂಕು ಇರುವವರೆಗೆ ನನಗೊಂದು ಕಾರಣ ಇತ್ತು. ಅವಳು ನನ್ನ ಜೊತೆ ಬರುವುದಿಲ್ಲ, ಯಾಕೆಂದರೆ ಗ್ಯಾಸು. ಅದನ್ನು ನಾನೇ ಬೋಲ್ಟು ಬಿಚ್ಚಿಸಿ ಹುಬ್ಬಳ್ಳಿಯಲ್ಲಿ ಬಿಟ್ಟು ಬಂದಿದ್ದೆ.

"ಇನ್ನು ಬರ್ತಿಲ್ಯಾ ಹಾಗಾದ್ರೆ ಸಿದ್ದಾಪುರಕ್ಕೆ?" ಎಂದು ಕೇಳಿದೆ.

"ಹಬ್ಬಕ್ಕೆ ಬತ್ತೆ. ಇರಲೆ ಬತ್ನಿಲ್ಲೆ."

ಯಾವತ್ತೂ ಒಂದಕ್ಕೆ ಹತ್ತು ಹೇಳುವವನು ನಾನು. ಅವತ್ತು "ಅಡ್ಡಿಲ್ಲೆ," ಎಂದೆ. ನಮ್ಮ ಕಡೆ ಆ ಮಾತು ಎಲ್ಲದಕ್ಕೂ ಆಗುತ್ತದೆ. ಹಿಂಬಾಗಿಲು ಇಳಿಸಿ, ಅವಳ ಬ್ಯಾಗು ತಂದು ಒಳಗಿಟ್ಟೆ. ಅವಳು ಬಸ್ಸಿಗೆ ಹೋಗುತ್ತಾಳೆ, ನಾನು ಹಿಂದೆ ಹೋಗಬೇಕು, ಅಷ್ಟೇ ನನಗೆ ತಲೆಯಲ್ಲಿ ಇದ್ದದ್ದು. ಸ್ಟೇರಿಂಗಿನ ಮುಂದೆ ಕೂತಾಗ ಪಕ್ಕದ ಬಾಗಿಲು ತೆಗೆದ ಸದ್ದಾಯಿತು. ಅವಳು ಹತ್ತಿ ಕೂತಳು. ಸೀರೆಯ ನೆರಿಗೆ ಒಳಗೆಳೆದುಕೊಂಡು, ಬಾಗಿಲು ಹಾಕಿಕೊಂಡಳು.

ಗಾಡಿ ಹೊರಟಿತು. ಎಷ್ಟು ವರ್ಷ ಕಾದಿದ್ದೆ ಇದಕ್ಕೆ. ಅವಳ ಮೈಯಿಂದ ಡೆಟಾಲಿನ ವಾಸನೆ ಸಣ್ಣಗೆ ಬರುತ್ತಿತ್ತು. ಅವಳು ಕಿಟಕಿಯ ಗಾಜು ಇಳಿಸಿ ಹೊರಗೆ ನೋಡುತ್ತಿದ್ದಳು, ಗಾಳಿಗೆ ಕಣ್ಣು ಅರ್ಧ ಮುಚ್ಚಿದ್ದಳು. ಗದ್ದೆಯಲ್ಲಿ ಕೊಯ್ಲು ನಡೆದಿತ್ತು. ಹೇಳಲು ನೂರು ವಿಷಯ ಇತ್ತು ನನ್ನ ಹತ್ತಿರ. ಒಂದೂ ಹೇಳಲಿಲ್ಲ, ಹೇಳುವ ಶಕ್ತಿಯೇ ಇರಲಿಲ್ಲ. ಮಂಚೀಕೇರಿ ದಾಟಿತು. ಅಲ್ಲಿಂದ ಮುಂದೆ ಅವಳು ತಲೆಯನ್ನು ಸೀಟಿಗೆ ಒರಗಿಸಿ ನಿದ್ದೆ ಹೋದಳು. ಗುಂಡಿ ತಪ್ಪಿಸಿ ತಪ್ಪಿಸಿ, ಬ್ರೇಕು ಜೋರಾಗಿ ಒತ್ತದೆ ಓಡಿಸಿದೆ.

ತವರುಮನೆಯ ದಣಪೆ ಗೇಟಿನ ಹತ್ತಿರ ನಿಲ್ಲಿಸಿದಾಗ ಎಚ್ಚರವಾಯಿತು. ಇಳಿದಳು. ಬ್ಯಾಗು ತಗೊಂಡು, ಕಿಟಕಿಗೆ ಬಗ್ಗಿ, ಬಹಳ ದಿನದ ಮೇಲೆ ನನ್ನ ಮುಖ ನೋಡಿ ಸಣ್ಣಗೆ ನಕ್ಕಳು.

"ಇವತ್ತು ಬಂದಿದ್ದು ಎಷ್ಟು ಚಲೋ ಆತು," ಎಂದಳು. "ನೀವು ಒಂದು ಮಾತೂ ಆಡಿದ್ದಿಲ್ಲೆ."